ಹವಳದ ಅಕ್ವೇರಿಯಂನಲ್ಲಿ ಎಷ್ಟು ಮೀನು ಸಾಕಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತೊಟ್ಟಿ ಇಷ್ಟು ಲೀಟರಿನದು. ಅದರಲ್ಲಿ ಎಷ್ಟು ಮೀನು ಬಿಡಬಹುದು?

ಲೀಟರಿನ ಲೆಕ್ಕವೊಂದನ್ನೇ ಹಿಡಿದು ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಮೀನು ಪೂರ್ತಿ ಬೆಳೆದಾಗ ಎಷ್ಟು ದೊಡ್ಡದಾಗುತ್ತದೆ, ಈಜಲು ಮತ್ತು ರಾತ್ರಿ ಅಡಗಲು ಅದಕ್ಕೆ ಎಂಥ ಜಾಗ ಬೇಕು, ಜೊತೆಯ ಮೀನುಗಳನ್ನು ಅದು ಎಷ್ಟರಮಟ್ಟಿಗೆ ಸಹಿಸುತ್ತದೆ ಎಂಬುದು ಮೊದಲು ತೀರ್ಮಾನವಾಗಬೇಕು. ಅವುಗಳಿಗೆ ಹಾಕುವ ಆಹಾರದಿಂದ ಹುಟ್ಟುವ ಕಲ್ಮಶವನ್ನು ತೊಟ್ಟಿ ಅರಗಿಸಿಕೊಳ್ಳಬಲ್ಲದೇ ಎಂಬ ಪ್ರಶ್ನೆ ಅನಂತರದ್ದು. ಚೆನ್ನಾಗಿ ಕಟ್ಟಿದ ತೊಟ್ಟಿಯಲ್ಲಿ ಸಾಮಾನ್ಯವಾಗಿ ಶುದ್ಧೀಕರಣದ ಮಿತಿ ಎದುರಾಗುವ ಮೊದಲೇ ಜಾಗದ ಮಿತಿ, ಜಗಳದ ಮಿತಿ ಎದುರಾಗುತ್ತವೆ.

ಇದರ ಜೊತೆಗೆ ಒಂದು ಮಾತನ್ನು ನಾನು ಒತ್ತಿ ಹೇಳುತ್ತೇನೆ. ಎಲ್ಲವೂ ಸರಿಯಾಗಿ ನಡೆಯುತ್ತಿರುವ ದಿನವನ್ನು ನೋಡಿ ಸಂಖ್ಯೆಯನ್ನು ನಿರ್ಧರಿಸಬಾರದು. ಮನೆಯವರೆಲ್ಲ ಮಲಗಿರುವಾಗ ವಿದ್ಯುತ್ ಹೋಗಿ ಪಂಪು ನಿಂತರೆ ಬೆಳಗಿನವರೆಗೆ ಅಷ್ಟೂ ಮೀನುಗಳು ಬದುಕಿ ಉಳಿಯಬೇಕು; ಅಂಥ ರಾತ್ರಿಯನ್ನು ತಡೆದುಕೊಳ್ಳುವಷ್ಟು ಮೀನುಗಳನ್ನು ಮಾತ್ರ ಆ ತೊಟ್ಟಿ ಹೊರಬಲ್ಲದು.

ಇಷ್ಟು ಲೀಟರಿಗೆ ಇಷ್ಟು ಸೆಂಟಿಮೀಟರ್ ಮೀನು ಎಂಬ ಸೂತ್ರವನ್ನು ಅನುಸರಿಸಬಹುದೇ?

ಸುಮಾರು 20 ಲೀಟರಿಗೆ 2.5 ಸೆಂ.ಮೀ. ಉದ್ದದ ಮೀನು ಎಂಬ ಸೂತ್ರವು ಉಪ್ಪುನೀರಿನ ಹವ್ಯಾಸಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಇದರ ಪ್ರಕಾರ 240 ಲೀಟರಿನ ತೊಟ್ಟಿಗೆ ಒಟ್ಟು 30 ಸೆಂ.ಮೀ. ಮೀನು ಸಾಕು. ಆ 30 ಸೆಂ.ಮೀ. ಗೋಬಿ ಎಂಬ ಆರು ಪುಟ್ಟ ಮೀನುಗಳಾಗಿರಬಹುದು, ಇಲ್ಲವೇ ಪೂರ್ತಿ ಬೆಳೆದ ಒಂದೇ ಒಂದು ಬ್ಲೂ ಟ್ಯಾಂಗ್ ಮೀನಾಗಿರಬಹುದು. ಸೂತ್ರವು ಎರಡನ್ನೂ ಒಂದೇ ಎನ್ನುತ್ತದೆ. ಆದರೆ ಗೋಬಿಗಳು ಆ ತೊಟ್ಟಿಯಲ್ಲಿ ಸುಖವಾಗಿರುತ್ತವೆ, ಟ್ಯಾಂಗ್ ತನ್ನ ಉದ್ದದ ನಾಲ್ಕು ಪಟ್ಟು ದೂರವನ್ನಷ್ಟೇ ಈಜಿ ಗಾಜಿಗೆ ತಾಗಿ ಹಿಂದಿರುಗುತ್ತಿರುತ್ತದೆ.

ಸೂತ್ರದ ಮೂಲದೋಷವಿರುವುದು ಉದ್ದವನ್ನು ಅಳತೆಗೋಲಾಗಿ ಹಿಡಿದದ್ದರಲ್ಲಿ. ಒಂದೇ ಆಕಾರದ ಎರಡು ಮೀನುಗಳಲ್ಲಿ ಒಂದು ಮತ್ತೊಂದರ ಎರಡರಷ್ಟು ಉದ್ದವಿದ್ದರೆ ಅದರ ತೂಕ ಸುಮಾರು ಎಂಟು ಪಟ್ಟಾಗಿರುತ್ತದೆ. ಈ ಲೆಕ್ಕದಲ್ಲಿ 20 ಸೆಂ.ಮೀ. ಮೀನೊಂದು 5 ಸೆಂ.ಮೀ. ಮೀನಿನ 64 ಪಟ್ಟು ತೂಗುತ್ತದೆ, ಅಂದರೆ ಸೂತ್ರವು ಅದಕ್ಕೆ ಸಮವೆಂದು ಹೇಳುವ ನಾಲ್ಕು ಪುಟ್ಟ ಮೀನುಗಳ ಒಟ್ಟು ತೂಕದ 16 ಪಟ್ಟು. ಆಮ್ಲಜನಕದ ಬಳಕೆಯೂ ವಿಸರ್ಜನೆಯೂ ತೂಕದಷ್ಟೇ ವೇಗವಾಗಿ ಏರುವುದಿಲ್ಲವಾದರೂ ಉದ್ದಕ್ಕಿಂತ ಬಹಳ ವೇಗವಾಗಿ ಏರುತ್ತವೆ. ಆದ್ದರಿಂದ ಪುಟ್ಟ ಮೀನುಗಳ ಮಟ್ಟಿಗೆ ಈ ಸೂತ್ರ ಅತಿ ಎಚ್ಚರಿಕೆಯದು, ದೊಡ್ಡ ಮೀನುಗಳ ಮಟ್ಟಿಗೆ ಅಪಾಯಕಾರಿ.

ತೊಟ್ಟಿಯ ನೀರಿನ ಪ್ರಮಾಣವನ್ನು ಹೇಗೆ ಲೆಕ್ಕ ಹಾಕಬೇಕು?

ಹೊರ ಅಳತೆಯನ್ನು ಗುಣಿಸಿ ಬಂದ ಅಂಕಿಯನ್ನು ಹಾಗೆಯೇ ತೆಗೆದುಕೊಳ್ಳಬೇಡಿ. 120 × 45 × 45 ಸೆಂ.ಮೀ. ತೊಟ್ಟಿಯ ಗುಣಲಬ್ಧ 243 ಲೀಟರ್. ಗಾಜಿನ ದಪ್ಪ, ಅಂಚಿನ ಕೆಳಗೆ ಖಾಲಿ ಬಿಡುವ ಜಾಗ, ಮರಳು, ಕಲ್ಲು ಇವನ್ನೆಲ್ಲ ಕಳೆದರೆ ಉಳಿಯುವುದು ಸುಮಾರು 200 ಲೀಟರ್. ಕಲ್ಲು ಹೆಚ್ಚಿದ್ದರೆ ಇನ್ನೂ ಕಡಿಮೆ. ಮುಖ್ಯ ತೊಟ್ಟಿಯ ಕೆಳಗೆ ಶುದ್ಧೀಕರಣದ ಉಪಕರಣಗಳಿಗಾಗಿ ಇಡುವ ಸಂಪ್ ಎಂಬ ಇನ್ನೊಂದು ತೊಟ್ಟಿಯ ನೀರು ಕಲ್ಮಶವನ್ನು ತೆಳುವಾಗಿಸಲು ನೆರವಾಗುತ್ತದೆ, ಆದರೆ ಮೀನು ಅಲ್ಲಿ ಈಜುವುದಿಲ್ಲವಾದ್ದರಿಂದ ಜಾಗದ ಲೆಕ್ಕಕ್ಕೆ ಅದನ್ನು ಸೇರಿಸುವಂತಿಲ್ಲ.

ಸಿಹಿನೀರಿನ ತೊಟ್ಟಿಗಿಂತ ಇಲ್ಲಿ ಮೀನು ಇಷ್ಟು ಕಡಿಮೆ ಇರಬೇಕೇಕೆ?

ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕವನ್ನು ಹಿಡಿದಿಡುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ ಹೆಚ್ಚೆಂದರೆ ಸುಮಾರು 8.2 ಮಿ.ಗ್ರಾಂ. ಆಮ್ಲಜನಕವನ್ನು ಕರಗಿಸಿಕೊಂಡರೆ, ಸಾವಿರಕ್ಕೆ 35 ಭಾಗ ಲವಣವಿರುವ ಸಮುದ್ರದ ನೀರು ಸುಮಾರು 6.7 ಮಿ.ಗ್ರಾಂ. ಅನ್ನಷ್ಟೇ ಕರಗಿಸಿಕೊಳ್ಳುತ್ತದೆ. ಮೀನು ಹೊರಹಾಕುವ ಅಮೋನಿಯಾದ ವಿಷಯದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ನೀರಿನ ಪಿಎಚ್ (ಆಮ್ಲತೆ-ಕ್ಷಾರತೆಯ ಅಳತೆ) ಒಂದು ಅಂಕ ಏರಿದರೆ ಅಮೋನಿಯಾದ ವಿಷಕಾರಿ ರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಹವಳದ ತೊಟ್ಟಿಯ ಪಿಎಚ್ ಇರುವುದು 8.1ರಿಂದ 8.4ರ ಆಸುಪಾಸಿನಲ್ಲಿ. 7ರ ಆಸುಪಾಸಿನ ಸಿಹಿನೀರಿನಲ್ಲಿ ಮೀನು ತಡೆದುಕೊಳ್ಳುವಷ್ಟು ಅಮೋನಿಯಾ ಇಲ್ಲಿ ಅದರ ಕಿವಿರುಗಳನ್ನು ಸುಡುತ್ತದೆ. ಇವೆರಡರ ಜೊತೆಗೆ ಹವಳಗಳೂ ಇವೆ. ಮೀನು ಸಹಿಸುವಷ್ಟು ನೈಟ್ರೇಟ್ ಮತ್ತು ಫಾಸ್ಫೇಟ್ ಅನ್ನು ಅನೇಕ ಹವಳಗಳು ಸಹಿಸುವುದಿಲ್ಲ.

ಕಲ್ಮಶ ಹೆಚ್ಚುವುದು ಮೀನಿನ ಸಂಖ್ಯೆಯಿಂದಲೋ, ಹಾಕುವ ಆಹಾರದಿಂದಲೋ?

ಆಹಾರದಿಂದ. ಮೀನು ತನ್ನೊಳಗೆ ಸಾರಜನಕವನ್ನು ಹುಟ್ಟಿಸುವುದಿಲ್ಲ, ತಿಂದದ್ದನ್ನೇ ಹೊರಹಾಕುತ್ತದೆ. ಹೀಗಾಗಿ ದಿನಕ್ಕೆ ಎಷ್ಟು ಆಹಾರ ಬೀಳುತ್ತದೆ ಎಂಬುದೇ ತೊಟ್ಟಿಯ ಹೊರೆಯ ಸರಿಯಾದ ಅಳತೆ, ಮತ್ತು ಇದನ್ನು ಯಾರಾದರೂ ಮನೆಯಲ್ಲೇ ಲೆಕ್ಕ ಹಾಕಬಹುದು.

ಅರ್ಧಭಾಗ ಪ್ರೋಟೀನ್ ಇರುವ ಒಣ ಆಹಾರವನ್ನು ದಿನಕ್ಕೆ 1 ಗ್ರಾಂ ಹಾಕುತ್ತೀರಿ ಎಂದುಕೊಳ್ಳೋಣ. ಪ್ರೋಟೀನ್‌ನ ಸುಮಾರು ಶೇ. 16 ಭಾಗ ಸಾರಜನಕವಾದ್ದರಿಂದ ಅದರಲ್ಲಿ 80 ಮಿ.ಗ್ರಾಂ. ಸಾರಜನಕವಿರುತ್ತದೆ. ಅದಷ್ಟೂ ಕೊನೆಗೆ ನೈಟ್ರೇಟ್ ಆದರೆ ಸುಮಾರು 350 ಮಿ.ಗ್ರಾಂ. ನೈಟ್ರೇಟ್ ಉಂಟಾಗುತ್ತದೆ, 200 ಲೀಟರ್ ನೀರಿನಲ್ಲಿ ಅದು ದಿನಕ್ಕೆ ಲೀಟರಿಗೆ 1.75 ಮಿ.ಗ್ರಾಂ., ವಾರಕ್ಕೆ ಸುಮಾರು 12 ಮಿ.ಗ್ರಾಂ. ಏರಿಕೆ. ವಾರಕ್ಕೊಮ್ಮೆ ಶೇ. 10ರಷ್ಟು ನೀರು ಬದಲಾಯಿಸುವುದೊಂದೇ ಉಪಾಯವಾಗಿದ್ದರೆ, ವಾರದ ಏರಿಕೆಯ ಹತ್ತು ಪಟ್ಟು ತಲುಪುವವರೆಗೂ, ಅಂದರೆ ಲೀಟರಿಗೆ 120 ಮಿ.ಗ್ರಾಂ. ದಾಟುವವರೆಗೂ, ನೈಟ್ರೇಟ್ ಏರುತ್ತಲೇ ಹೋಗುತ್ತದೆ. ವಾಸ್ತವದಲ್ಲಿ ಇಷ್ಟಾಗುವುದಿಲ್ಲ, ಏಕೆಂದರೆ ಸ್ವಲ್ಪ ಭಾಗ ಮೀನಿನ ಮೈಗೂಡುತ್ತದೆ, ಸ್ವಲ್ಪವನ್ನು ಪಾಚಿ ಮತ್ತು ಹವಳ ಹೀರಿಕೊಳ್ಳುತ್ತವೆ, ಸ್ವಲ್ಪವನ್ನು ಕೊಳೆಯುವ ಮೊದಲೇ ಸ್ಕಿಮ್ಮರ್ ಎಂಬ ಉಪಕರಣ ನೊರೆಯಾಗಿ ಹೊರಗೆ ತೆಗೆಯುತ್ತದೆ, ಇನ್ನಷ್ಟನ್ನು ಲೈವ್ ರಾಕ್‌ನ (ಜೀವಿಗಳು ನೆಲೆಸಿರುವ ರಂಧ್ರಮಯ ಕಲ್ಲಿನ) ಒಳಪದರಗಳಲ್ಲಿರುವ ಬ್ಯಾಕ್ಟೀರಿಯಾ ಸಾರಜನಕ ಅನಿಲವನ್ನಾಗಿ ಮಾಡಿ ಗಾಳಿಗೆ ಬಿಡುತ್ತವೆ. ಈ ದಾರಿಗಳೆಲ್ಲ ಸೇರಿ ಎಷ್ಟು ಕೆಲಸ ಮಾಡುತ್ತಿವೆ ಎಂಬುದನ್ನು ಟೆಸ್ಟ್ ಕಿಟ್ ಹೇಳುತ್ತದೆ. ಒಂದೇ ಪ್ರಮಾಣದ ಆಹಾರ ಹಾಕುತ್ತಾ ಕೆಲವು ವಾರ ಅಳೆದಾಗ ನೈಟ್ರೇಟ್ ಒಂದೇ ಮಟ್ಟದಲ್ಲಿ ನಿಂತಿದ್ದರೆ ತೊಟ್ಟಿ ಆ ಹೊರೆಯನ್ನು ಹೊರುತ್ತಿದೆ ಎಂದರ್ಥ. ಏರುತ್ತಿದ್ದರೆ ಇನ್ನೊಂದು ಮೀನಿನ ಮಾತು ಎತ್ತಬಾರದು.

ಮೀನು ಹೆಚ್ಚಾಯಿತೆಂದು ಆಹಾರವನ್ನು ಕಡಿತ ಮಾಡಿ ನೈಟ್ರೇಟ್ ಇಳಿಸುವವರಿದ್ದಾರೆ. ಇದು ಪರಿಹಾರವಲ್ಲ. ಅರೆಹೊಟ್ಟೆಯ ಮೀನು ಬೆನ್ನು ಸೊರಗಿ, ಜೊತೆಗಾರರ ಮೇಲೆ ಎರಗುತ್ತದೆ, ರೋಗಕ್ಕೆ ಬೇಗ ತುತ್ತಾಗುತ್ತದೆ. ಎಷ್ಟು ಮೀನಿಗೆ ಹೊಟ್ಟೆ ತುಂಬ ಹಾಕಿಯೂ ನೀರನ್ನು ಶುದ್ಧವಾಗಿಡಬಲ್ಲೆವೋ ಅಷ್ಟನ್ನೇ ಸಾಕಬೇಕು.

ಜಾಗದ ಮಿತಿ ಎಂದರೇನು? ನೀರು ಶುದ್ಧವಾಗಿದ್ದರೆ ಸಾಲದೇ?

ಸಾಲದು. ಹವಳದ ದಿಬ್ಬದ ಮೀನುಗಳಲ್ಲಿ ಹೆಚ್ಚಿನವು ತಮ್ಮದೆಂದು ಒಂದು ನೆಲೆಯನ್ನು ಗುರುತಿಸಿಕೊಂಡು ಅದನ್ನು ಕಾಯುತ್ತವೆ. ಸಮುದ್ರದಲ್ಲಿ ಸೋತ ಮೀನು ದೂರ ಹೋಗಿ ಬದುಕುತ್ತದೆ; ತೊಟ್ಟಿಯಲ್ಲಿ ಸೋತ ಮೀನಿಗೆ ಹೋಗಲು ಬೇರೆ ಜಾಗವಿಲ್ಲ. ಅದು ಮೂಲೆಯಲ್ಲಿ ನೀರಿನ ಮೇಲ್ಭಾಗಕ್ಕೆ ಅಂಟಿ ನಿಲ್ಲುತ್ತದೆ, ಊಟಕ್ಕೆ ಬರುವುದಿಲ್ಲ, ಕೆಲವೇ ದಿನಗಳಲ್ಲಿ ಸಾಯುತ್ತದೆ, ಇಲ್ಲವೇ ಮುಚ್ಚಳವಿಲ್ಲದ ತೊಟ್ಟಿಯಿಂದ ಹೊರಗೆ ಹಾರುತ್ತದೆ. ಅಳೆದು ನೋಡಿದರೆ ಅಲ್ಲಿನ ನೀರಿನಲ್ಲಿ ಯಾವ ದೋಷವೂ ಇರುವುದಿಲ್ಲ.

ಆದ್ದರಿಂದ ತೊಟ್ಟಿಯನ್ನು ಒಂದೇ ಜಾಗವೆಂದು ಕಾಣದೆ ಪದರಗಳಾಗಿ ನೋಡುವುದು ಒಳ್ಳೆಯದು. ಯೆಲ್ಲೋ ವಾಚ್‌ಮ್ಯಾನ್ ಗೋಬಿಯಂಥ ಮೀನು ಮರಳಿನಲ್ಲಿ ಬಿಲದ ಬಾಯಲ್ಲೇ ದಿನ ಕಳೆಯುತ್ತದೆ, ಕೆಲವೊಮ್ಮೆ ಪಿಸ್ತೂಲ್ ಸೀಗಡಿಯೊಂದಿಗೆ ಅದೇ ಬಿಲವನ್ನು ಹಂಚಿಕೊಳ್ಳುತ್ತದೆ. ಬ್ಲೆನ್ನಿ ಕಲ್ಲಿನ ಮೇಲೆ ಕುಳಿತಿರುತ್ತದೆ. ರಾಯಲ್ ಗ್ರಾಮಾ ಕಲ್ಲಿನ ಗುಹೆಯ ಚಾವಣಿಗೆ ಹೊಟ್ಟೆಯನ್ನು ತಿರುಗಿಸಿಕೊಂಡು ಈಜುತ್ತದೆ. ಕ್ರೋಮಿಸ್ ಮತ್ತು ಆಂಥಿಯಾಸ್ ತೆರೆದ ನೀರಿನಲ್ಲಿ ಇರುತ್ತವೆ. ಬೇರೆ ಬೇರೆ ಪದರಗಳ ಐದು ಮೀನುಗಳು ನೆಮ್ಮದಿಯಿಂದಿರುವ ತೊಟ್ಟಿಯಲ್ಲಿ ಒಂದೇ ಪದರದ ಮೂರು ಮೀನುಗಳು ಒಂದನ್ನೊಂದು ಕೊಲ್ಲಬಹುದು. ಆಕಾರ, ಬಣ್ಣ, ಆಹಾರ ಈ ಮೂರೂ ಹೋಲುವ ಮೀನುಗಳ ನಡುವೆ ಜಗಳ ಅತ್ಯಂತ ತೀವ್ರವಾಗಿರುತ್ತದೆ. ಎರಡು ಟ್ಯಾಂಗ್‌ಗಳ ನಡುವಿನ ಕಾದಾಟವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಲಗುವ ಜಾಗವನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದೀಪ ಆರಿದ ಅರ್ಧ ಗಂಟೆಯ ಅನಂತರ ಮಂದವಾದ ಕೆಂಪು ಬೆಳಕಿನಲ್ಲಿ ತೊಟ್ಟಿಯನ್ನು ನೋಡಿ. ಪ್ರತಿಯೊಂದು ಮೀನೂ ತನ್ನ ಸಂದಿಯನ್ನು ಸೇರಿರಬೇಕು. ಯಾವುದಾದರೂ ಮೀನು ಒಂದು ಸಂದಿಯಿಂದ ಇನ್ನೊಂದಕ್ಕೆ ಅಲೆಯುತ್ತಾ ಪ್ರತಿಯೊಂದು ಕಡೆಯಿಂದಲೂ ಓಡಿಸಿಕೊಳ್ಳುತ್ತಿದ್ದರೆ, ಹಗಲಿನಲ್ಲಿ ಎಷ್ಟೇ ಶಾಂತವಾಗಿ ಕಂಡರೂ ಆ ತೊಟ್ಟಿ ತುಂಬಿದೆ. ಹೊಸ ಮೀನು ತರುವ ಮೊದಲು ಮಾಡಬೇಕಾದ ಪರೀಕ್ಷೆಗಳಲ್ಲಿ ಇದನ್ನು ನಾನು ನೈಟ್ರೇಟ್ ಪರೀಕ್ಷೆಗಿಂತ ಮೇಲಿಡುತ್ತೇನೆ.

ಒಂದೇ ಜಾತಿಯ ಮೀನುಗಳನ್ನು ಎಷ್ಟು ಇಡಬಹುದು?

ಇದು ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಕ್ಲೌನ್ ಮೀನುಗಳನ್ನು ಎರಡೇ ಇಡಿ. ಅವೆಲ್ಲ ಗಂಡಾಗಿ ಬೆಳೆದು, ಗುಂಪಿನಲ್ಲಿ ಪ್ರಬಲವಾದದ್ದು ಹೆಣ್ಣಾಗುತ್ತದೆ, ಅದರ ನಂತರದ್ದು ಅದರ ಜೊತೆಗಾರನಾಗುತ್ತದೆ. ಮೂರನೆಯದಕ್ಕೆ ಸಾಮಾನ್ಯ ಗಾತ್ರದ ತೊಟ್ಟಿಯಲ್ಲಿ ಉಳಿಗಾಲವಿಲ್ಲ. ಬಂಗ್ಗಾಯ್ ಕಾರ್ಡಿನಲ್ ಮೀನುಗಳನ್ನು ಗುಂಪಾಗಿ ಮಾರುತ್ತಾರೆ, ಆದರೆ ಅವುಗಳಲ್ಲಿ ಒಂದು ಜೋಡಿ ಕೂಡಿಕೊಂಡ ಮೇಲೆ ಉಳಿದವು ಒಂದೊಂದಾಗಿ ಕಣ್ಮರೆಯಾಗುವುದು ಸಾಮಾನ್ಯ. ಹಸಿರು ಕ್ರೋಮಿಸ್‌ಗಳ ಗುಂಪೂ ಅನೇಕ ತೊಟ್ಟಿಗಳಲ್ಲಿ ಕಾಲಕ್ರಮೇಣ ಹೀಗೆಯೇ ಕರಗುತ್ತದೆ. ಆಂಥಿಯಾಸ್‌ಗಳನ್ನು ಒಂದು ಗಂಡಿಗೆ ಹಲವು ಹೆಣ್ಣುಗಳಂತೆ ಗುಂಪಾಗಿ ಇಡಬಹುದು, ಆದರೆ ಅವಕ್ಕೆ ದಿನಕ್ಕೆ ಹಲವು ಬಾರಿ ಆಹಾರ ಬೇಕಾಗುವುದರಿಂದ ಮೇಲೆ ಹೇಳಿದ ಆಹಾರದ ಲೆಕ್ಕ ಬೇಗನೆ ಮಿತಿ ಮುಟ್ಟುತ್ತದೆ. ಉಳಿದ ಬಹುತೇಕ ಜಾತಿಗಳಲ್ಲಿ ಖಚಿತವಾದ ಜೋಡಿ ಸಿಗದಿದ್ದರೆ ಒಂದೇ ಮೀನನ್ನು ಇಡುವುದು ಕ್ಷೇಮ.

ಮ್ಯಾಂಡರಿನ್ ಮೀನಿನ ವಿಷಯ ಬೇರೆ. ಅದು ಪುಟ್ಟದು, ಯಾರ ತಂಟೆಗೂ ಹೋಗುವುದಿಲ್ಲ, ಕಲ್ಮಶವನ್ನೂ ಹೆಚ್ಚಿಸುವುದಿಲ್ಲ. ಆದರೂ ಅನೇಕ ತೊಟ್ಟಿಗಳಲ್ಲಿ ಹಸಿವಿನಿಂದ ಸಾಯುತ್ತದೆ, ಏಕೆಂದರೆ ಅದು ದಿನವಿಡೀ ಹೆಕ್ಕಿ ತಿನ್ನುವ ಕೋಪೆಪಾಡ್ ಎಂಬ ಅತಿಸಣ್ಣ ಜೀವಿಗಳು ಹಳೆಯ, ಕಲ್ಲು ಹೆಚ್ಚಿರುವ ತೊಟ್ಟಿಯಲ್ಲಿ ಮಾತ್ರ ಸಾಕಷ್ಟಿರುತ್ತವೆ. ಅದೇ ಕೋಪೆಪಾಡ್‌ಗಳನ್ನು ತಿನ್ನುವ ಸಿಕ್ಸ್‌ಲೈನ್ ರ‍್ಯಾಸ್ ಈಗಾಗಲೇ ಇದ್ದರೆ ಮ್ಯಾಂಡರಿನ್ ತರುವ ಯೋಚನೆಯನ್ನು ಬಿಡುವುದೇ ಒಳ್ಳೆಯದು.

ಕೆಲವು ಗಾತ್ರಗಳಿಗೆ ಉದಾಹರಣೆ ಕೊಡಬಹುದೇ?

ಕೊಡಬಹುದು, ಆದರೆ ಇವು ಈ ಲೇಖಕನ ಅಂದಾಜುಗಳು, ನಿಯಮಗಳಲ್ಲ. ತೊಟ್ಟಿ ಹಳೆಯದಾಗಿ, ಸ್ಕಿಮ್ಮರ್ ಚೆನ್ನಾಗಿ ನಡೆಯುತ್ತಿದೆ ಎಂದು ಭಾವಿಸಿ ಹೇಳಿದವು.

60 × 36 × 36 ಸೆಂ.ಮೀ. ತೊಟ್ಟಿಯಲ್ಲಿ ಒಂದು ಜೋಡಿ ಕ್ಲೌನ್ ಮೀನು, ಒಂದು ಪುಟ್ಟ ಗೋಬಿ. ಅಷ್ಟಕ್ಕೆ ನಿಲ್ಲಿಸಿ. 120 ಸೆಂ.ಮೀ. ಉದ್ದದ, ಸುಮಾರು 200 ಲೀಟರ್ ನಿವ್ವಳ ನೀರಿನ ತೊಟ್ಟಿಯಲ್ಲಿ ಕ್ಲೌನ್ ಜೋಡಿ, ಒಂದು ರಾಯಲ್ ಗ್ರಾಮಾ, ಒಂದು ಫೈರ್‌ಫಿಶ್, ಒಂದು ವಾಚ್‌ಮ್ಯಾನ್ ಗೋಬಿ, ಒಂದು ಸಣ್ಣ ಬ್ಲೆನ್ನಿ, ಒಂದು ಸೌಮ್ಯ ಸ್ವಭಾವದ ರ‍್ಯಾಸ್ ಹೀಗೆ ಏಳು ಮೀನು ಇರಬಹುದು. ಇವು ಯಾವುವೂ 10 ಸೆಂ.ಮೀ.ಗಿಂತ ಹೆಚ್ಚು ಬೆಳೆಯದ ಜಾತಿಗಳಾಗಿರಬೇಕು. 150 × 60 × 55 ಸೆಂ.ಮೀ. ತೊಟ್ಟಿಗೆ ಬಂದಾಗ ಮೊದಲ ಬಾರಿಗೆ 20 ಸೆಂ.ಮೀ.ವರೆಗೆ ಬೆಳೆಯುವ ಯೆಲ್ಲೋ ಟ್ಯಾಂಗ್ ಒಂದನ್ನು ಯೋಚಿಸಬಹುದು, ಅದರ ಜೊತೆಗೆ ಎಂಟು ಹತ್ತು ಸಣ್ಣ ಮೀನು. 30 ಸೆಂ.ಮೀ. ಮುಟ್ಟುವ ಬ್ಲೂ ಟ್ಯಾಂಗ್‌ಗೆ ಈ ತೊಟ್ಟಿಯೂ ಚಿಕ್ಕದು.

ಮರಿಯಾಗಿರುವಾಗ ಸಾಕಿ, ದೊಡ್ಡದಾದ ಮೇಲೆ ಬೇರೆಯವರಿಗೆ ಕೊಟ್ಟರಾಗದೇ?

ಹಾಗೆ ಅಂದುಕೊಂಡವರಲ್ಲಿ ಹೆಚ್ಚಿನವರು ಕೊಡುವುದಿಲ್ಲ. ಅಷ್ಟು ಹೊತ್ತಿಗೆ ಮೀನಿನ ಮೇಲೆ ಪ್ರೀತಿ ಬೆಳೆದಿರುತ್ತದೆ, ಕಲ್ಲುಗಳ ಮೇಲೆ ಹವಳಗಳೂ ಬೆಳೆದು ಬೆಸೆದುಕೊಂಡಿರುತ್ತವೆ. ಚುರುಕಾದ ಒಂದು ಮೀನನ್ನು ಹಿಡಿಯಲು ಇಡೀ ಕಲ್ಲಿನ ಜೋಡಣೆಯನ್ನು ಕಳಚಬೇಕಾಗುತ್ತದೆ. ಮೀನನ್ನು ತರುವ ದಿನವೇ ಅದರ ಬೆಳೆದ ಗಾತ್ರವನ್ನು ಲೆಕ್ಕಕ್ಕೆ ಹಿಡಿಯಿರಿ.

ಎಲ್ಲ ಮೀನುಗಳನ್ನೂ ಒಟ್ಟಿಗೆ ಬಿಡಬಹುದೇ?

ಬೇಡ. ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ನೈಟ್ರೈಟನ್ನು ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು, ಮತ್ತು ಅವು ಇರುವ ಹೊರೆಗೆ ತಕ್ಕಷ್ಟು ಮಾತ್ರ ಬೆಳೆದಿರುತ್ತವೆ. ಎರಡು ಮೀನಿನ ಹೊರೆಗೆ ಹೊಂದಿಕೊಂಡ ತೊಟ್ಟಿಗೆ ಒಮ್ಮೆಲೇ ಐದು ಮೀನು ಬಂದರೆ ಅಮೋನಿಯಾ ಏರುತ್ತದೆ. ಒಂದು ಬಾರಿಗೆ ಒಂದೋ ಎರಡೋ ಸಣ್ಣ ಮೀನು, ಅನಂತರ ಮೂರು ನಾಲ್ಕು ವಾರ ಕಾಯುವುದು, ಮತ್ತೆ ಅಳೆಯುವುದು ಸರಿಯಾದ ಕ್ರಮ.

ಬಿಡುವ ಅನುಕ್ರಮವೂ ಮುಖ್ಯ. ಅಂಜುಬುರುಕ ಮೀನುಗಳು ಮೊದಲು, ಜಗಳಗಂಟ ಮೀನುಗಳು ಕೊನೆಗೆ. ಡಾಮ್ಸೆಲ್ ಅಥವಾ ಸಿಕ್ಸ್‌ಲೈನ್ ರ‍್ಯಾಸ್ ಮೊದಲೇ ನೆಲೆಯೂರಿದರೆ ಆಮೇಲೆ ಬರುವ ಫೈರ್‌ಫಿಶ್‌ಗೆ ಜಾಗವೇ ಸಿಗುವುದಿಲ್ಲ, ತೊಟ್ಟಿ ಎಷ್ಟೇ ಖಾಲಿಯಾಗಿ ಕಂಡರೂ ಅದು ತುಂಬಿದಂತೆಯೇ. ಡಾಮ್ಸೆಲ್ ಗಟ್ಟಿ ಜೀವವೆಂದು ಅದರಿಂದ ತೊಟ್ಟಿಯನ್ನು ಆರಂಭಿಸುವ ಹಳೆಯ ಅಭ್ಯಾಸ ಹೀಗೆ ಎಷ್ಟೋ ತೊಟ್ಟಿಗಳ ಮುಂದಿನ ದಾರಿಯನ್ನು ಮುಚ್ಚಿದೆ.

ಪ್ರತಿಯೊಂದು ಹೊಸ ಮೀನೂ ಕ್ವಾರಂಟೈನ್ ತೊಟ್ಟಿಯ (ರೋಗವಿಲ್ಲವೆಂದು ಖಚಿತವಾಗುವವರೆಗೆ ಮೀನನ್ನು ಬೇರೆಯಾಗಿ ಇಡುವ ತೊಟ್ಟಿಯ) ಮೂಲಕವೇ ಬರಬೇಕು. ಬಿಳಿಚುಕ್ಕಿ ರೋಗ ಹವಳದ ತೊಟ್ಟಿಯನ್ನು ಹೊಕ್ಕರೆ ಅಲ್ಲಿ ತಾಮ್ರದ ಔಷಧಿ ಹಾಕುವಂತಿಲ್ಲ, ತಾಮ್ರವು ಹವಳ, ಸೀಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ. ಆಗ ಎಲ್ಲ ಮೀನುಗಳನ್ನೂ ಹಿಡಿದು ಬೇರೆಡೆ ಇಟ್ಟು, ಮುಖ್ಯ ತೊಟ್ಟಿಯನ್ನು ವಾರಗಟ್ಟಲೆ ಮೀನಿಲ್ಲದೆ ಬಿಡಬೇಕಾಗುತ್ತದೆ. ಹವ್ಯಾಸಿಗಳು ಸಾಮಾನ್ಯವಾಗಿ ಅನುಸರಿಸುವ ಅವಧಿ 76 ದಿನ. ಅಷ್ಟು ಮೀನುಗಳನ್ನು ಅಷ್ಟು ಕಾಲ ಇಡಲು ನಿಮ್ಮಲ್ಲಿ ಬೇರೆ ತೊಟ್ಟಿ ಇದೆಯೇ ಎಂಬುದೂ ಸಂಖ್ಯೆಯನ್ನು ನಿರ್ಧರಿಸುವ ಒಂದು ಪ್ರಶ್ನೆಯೇ.

ದೊಡ್ಡ ಸ್ಕಿಮ್ಮರ್ ಹಾಕಿದರೆ ಹೆಚ್ಚು ಮೀನು ಸಾಕಬಹುದಲ್ಲವೇ?

ಸ್ವಲ್ಪಮಟ್ಟಿಗೆ ಹೌದು. ಸ್ಕಿಮ್ಮರ್ ಕಲ್ಮಶವನ್ನು ತೆಗೆಯುವುದರ ಜೊತೆಗೆ ನೀರಿಗೆ ಗಾಳಿಯನ್ನೂ ಬೆರೆಸುತ್ತದೆ. ಸಂಪ್‌ನಲ್ಲಿ ಕೀಟೊಮಾರ್ಫ ಪಾಚಿ ಬೆಳೆಸಿ ಆಗಾಗ ಕೊಯ್ದು ತೆಗೆದರೆ ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ಇಳಿಯುತ್ತವೆ. ಆದರೆ ಯಾವ ಉಪಕರಣವೂ ಒಂದು ಗುಹೆಯನ್ನು ಎರಡಾಗಿಸುವುದಿಲ್ಲ. ಉಪಕರಣದ ಬಲದ ಮೇಲೆ ಏರಿಸಿದ ಸಂಖ್ಯೆ ಆ ಉಪಕರಣ ನಿಂತ ಕ್ಷಣವೇ ಅಪಾಯಕ್ಕೆ ಸಿಲುಕುತ್ತದೆ ಎಂಬುದನ್ನೂ ಮರೆಯಬಾರದು.

ವಿದ್ಯುತ್ ಹೋದಾಗ ಏನಾಗುತ್ತದೆ?

ರಾತ್ರಿಯಲ್ಲಿ ಹವಳದೊಳಗಿನ ಪಾಚಿಗಳೂ ಕಲ್ಲಿನ ಮೇಲಿನ ಪಾಚಿಗಳೂ ಆಮ್ಲಜನಕವನ್ನು ತಯಾರಿಸುವುದಿಲ್ಲ. ಹವಳ, ಬ್ಯಾಕ್ಟೀರಿಯಾ, ಮೀನು ಎಲ್ಲವೂ ಇರುವುದನ್ನೇ ಉಸಿರಾಡುತ್ತವೆ. ಹೀಗಾಗಿ ಆಮ್ಲಜನಕ ಮತ್ತು ಪಿಎಚ್ ಎರಡೂ ಬೆಳಗಿನ ಜಾವ, ದೀಪ ಹತ್ತುವ ಮೊದಲು, ಅತ್ಯಂತ ಕೆಳಮಟ್ಟದಲ್ಲಿರುತ್ತವೆ. ಅದೇ ಹೊತ್ತಿಗೆ ಪಂಪು ನಿಂತರೆ ನೀರಿನ ಮೇಲ್ಮೈ ಕಲಕುವುದು ನಿಂತು, ಗಾಳಿಯಿಂದ ಆಮ್ಲಜನಕ ಬೆರೆಯುವುದು ಬಹಳ ನಿಧಾನವಾಗುತ್ತದೆ. ಮೀನು ಕಡಿಮೆ ಇರುವ ತೊಟ್ಟಿ ಇಂಥ ಹೊತ್ತನ್ನು ಗಂಟೆಗಟ್ಟಲೆ ತಡೆದುಕೊಳ್ಳಬಹುದು. ತುಂಬಿದ ತೊಟ್ಟಿಯಲ್ಲಿ ದೊಡ್ಡ ಮೀನುಗಳು ಮೊದಲು ಏದುಸಿರು ಬಿಡುತ್ತವೆ, ಒಂದು ಸತ್ತು ಕೊಳೆಯತೊಡಗಿದರೆ ಉಳಿದ ಆಮ್ಲಜನಕವೂ ಅದಕ್ಕೇ ವ್ಯಯವಾಗುತ್ತದೆ. ಬ್ಯಾಟರಿಯಿಂದ ತಾನಾಗಿಯೇ ಚಾಲೂ ಆಗುವ ಏರ್ ಪಂಪ್ ಅಥವಾ ಪವರ್‌ಹೆಡ್ (ನೀರನ್ನು ಕಲಕುವ ಸಣ್ಣ ಪಂಪು) ಪ್ರತಿಯೊಂದು ತೊಟ್ಟಿಯಲ್ಲೂ ಇರಬೇಕು. ಅದಿಲ್ಲದಿದ್ದರೆ ಮೇಲಿನ ಉದಾಹರಣೆಗಳಿಂದ ಒಂದೆರಡು ಮೀನುಗಳನ್ನು ಕಳೆಯಿರಿ.

ಮೀನು ತೀರಾ ಕಡಿಮೆಯಾದರೂ ತೊಂದರೆಯೇ?

ಹೌದು, ಮತ್ತು ಇದನ್ನು ಹೇಳುವವರು ಕಡಿಮೆ. ಮೀನಿನ ವಿಸರ್ಜನೆ ಹವಳಕ್ಕೆ ಪೋಷಣೆ. ಒಂದೆರಡು ಮೀನು, ಬಲವಾದ ಸ್ಕಿಮ್ಮರ್, ಪದೇ ಪದೇ ನೀರಿನ ಬದಲಾವಣೆ ಇವು ಕೂಡಿದ ತೊಟ್ಟಿಯಲ್ಲಿ ನೈಟ್ರೇಟ್ ಮತ್ತು ಫಾಸ್ಫೇಟ್ ಸೊನ್ನೆಗೆ ಇಳಿದರೆ ಹವಳಗಳು ಬಣ್ಣ ಕಳೆದುಕೊಂಡು ಪೇಲವವಾಗುತ್ತವೆ, ಅನೇಕ ವೇಳೆ ಡೈನೊಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳ ಕಂದು ಲೋಳೆ ಮರಳನ್ನೂ ಕಲ್ಲನ್ನೂ ಆವರಿಸುತ್ತದೆ. ಲೀಟರಿಗೆ 2ರಿಂದ 10 ಮಿ.ಗ್ರಾಂ. ನೈಟ್ರೇಟ್, 0.03ರಿಂದ 0.1 ಮಿ.ಗ್ರಾಂ. ಫಾಸ್ಫೇಟ್ ಹೆಚ್ಚಿನ ಮಿಶ್ರ ಹವಳದ ತೊಟ್ಟಿಗಳಿಗೆ ಹೊಂದುತ್ತವೆ. ಇವು ಸೊನ್ನೆಗೆ ಇಳಿದ ಬಡ ನೀರಿನ ತೊಟ್ಟಿಗೆ ಇನ್ನೊಂದು ಸಣ್ಣ ಮೀನು ಸೇರಿಸುವುದು, ಇಲ್ಲವೇ ಇರುವ ಮೀನುಗಳಿಗೆ ಹೆಚ್ಚು ಆಹಾರ ಹಾಕುವುದು ಒಳ್ಳೆಯ ಚಿಕಿತ್ಸೆ.

ಬಸವನಹುಳು, ಸನ್ಯಾಸಿ ಏಡಿ, ಸೀಗಡಿಗಳನ್ನು ಲೆಕ್ಕಕ್ಕೆ ಹಿಡಿಯಬೇಕೇ?

ಅವುಗಳ ಹೊರೆ ಮೀನಿನ ಹೊರೆಗೆ ಹೋಲಿಸಿದರೆ ಅಲ್ಪ, ಮೀನಿನ ಸಂಖ್ಯೆಯಿಂದ ಕಳೆಯಬೇಕಾಗಿಲ್ಲ. ಆದರೆ ಪಾಚಿ ತಿನ್ನುವ ಬಸವನಹುಳುಗಳಿಗೆ ಪಾಚಿ ಇದ್ದಷ್ಟು ಮಾತ್ರ ಊಟ.

ಈಗಾಗಲೇ ಮೀನು ಹೆಚ್ಚಾಗಿಬಿಟ್ಟಿದ್ದರೆ ಏನು ಮಾಡಬೇಕು?

ಮೊದಲು ಬೆಳಗಿನ ಜಾವದಲ್ಲಿ ತೊಟ್ಟಿಯನ್ನು ನೋಡಿ. ಮೀನುಗಳು ಮೇಲ್ಮೈಯಲ್ಲಿ ವೇಗವಾಗಿ ಕಿವಿರು ಬಡಿಯುತ್ತಿದ್ದರೆ ಆ ದಿನವೇ ಪವರ್‌ಹೆಡ್ ಅನ್ನು ಮೇಲ್ಮೈಯತ್ತ ತಿರುಗಿಸಿ, ಸ್ಕಿಮ್ಮರ್‌ನ ಗಾಳಿಯ ಕೊಳವೆ ಕಟ್ಟಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಿ. ಉಸಿರಾಟ ಸರಿಯಿದ್ದು ನೈಟ್ರೇಟ್ ಮಾತ್ರ ಏರುತ್ತಿದ್ದರೆ ಅವಸರ ಬೇಡ. ನೀರು ಬದಲಾಯಿಸುವ ಪ್ರಮಾಣವನ್ನು ಹೆಚ್ಚಿಸಿ, ಆದರೆ ಹವಳಗಳಿಗೆ ಆಘಾತವಾಗದಂತೆ ಮಟ್ಟವನ್ನು ವಾರಗಳ ಮೇಲೆ ಇಳಿಸಿ. ಅನಂತರ ಯಾವ ಮೀನನ್ನು ತೆಗೆಯಬೇಕೆಂದು ಯೋಚಿಸಿ. ಅತ್ಯಂತ ದೊಡ್ಡದಾಗಿ ಬೆಳೆಯುವ ಮೀನನ್ನು ತೆಗೆದರೆ ಹೊರೆ ಹೆಚ್ಚು ಇಳಿಯುತ್ತದೆ, ಉಳಿದವನ್ನು ಕಾಡುವ ಮೀನನ್ನು ತೆಗೆದರೆ ನೆಮ್ಮದಿ ಹೆಚ್ಚು ಬರುತ್ತದೆ. ಅನೇಕ ತೊಟ್ಟಿಗಳಲ್ಲಿ ಈ ಎರಡೂ ಒಂದೇ ಮೀನಾಗಿರುತ್ತದೆ. ಬಲೆ ಹಿಡಿದು ಬೆನ್ನಟ್ಟುವ ಬದಲು ಪಾರದರ್ಶಕವಾದ ಬೋನನ್ನು ಬಾಗಿಲು ತೆರೆದು ತೊಟ್ಟಿಯೊಳಗಿಟ್ಟು, ಕೆಲವು ದಿನ ಆಹಾರವನ್ನು ಅದರೊಳಗೇ ಹಾಕುತ್ತಾ ಬನ್ನಿ. ಮೀನು ಹೆದರಿಕೆಯಿಲ್ಲದೆ ಒಳಗೆ ಹೋಗಿ ತಿನ್ನುವುದು ರೂಢಿಯಾದ ಮೇಲೆ ಬಾಗಿಲು ಮುಚ್ಚಿ. ಅದನ್ನು ಕೊಡುವವರ ತೊಟ್ಟಿ ಆ ಮೀನಿನ ಬೆಳೆದ ಗಾತ್ರಕ್ಕೆ ಸಾಕಾಗುತ್ತದೆಯೇ ಎಂದು ಹಿಡಿಯುವ ಮೊದಲೇ ವಿಚಾರಿಸಿಕೊಂಡಿರಿ.